ಬೆನ್ನು ಕುಗ್ಗದ ಸೈಕಲ್ಲು

ಜನವರಿ 6, ಸಂಜೆ

ತಂಗಿ ಕಾಳಕ್ಕ, ಆದಿವಾಲದಲ್ಲಿ ಎಲ್ಲರೂ ಹೇಗಿದ್ದೀರಿ? ದಾಸಣ್ಣ ಭಾವನ ಕೆಮ್ಮು ಇಳಿಯಿತೇ? ನಿನ್ನ ಮಗಳು ಶಾಂತಿಯ ಕೂಸಿಗೆ ಹಲ್ಲು ಬಂದವೇ? ನಿನ್ನ ಸೊಂಟ? — ಕಾಗದಕ್ಕೆ ಮುಂಚೆ ಡೈರಿಯಲ್ಲೇ ನಿನ್ನ ಹತ್ತಿರ ಮಾತಾಡುವುದು ನನ್ನ ರೂಢಿ. ಇಲ್ಲಿ ಬರೆದದ್ದೆಲ್ಲ ಕಾಗದದಲ್ಲಿ ನಿನಗೆ ಬರುವುದಿಲ್ಲ.

ಹಳೆ ಸೈಕಲ್ಲು ಇವತ್ತು ಹಳ್ಳದಲ್ಲಿ ಬಿತ್ತು. ಮುಂದಿನ ಫೋರ್ಕ್ ಬಾಗಿದೆ. ಮಗ ಕನಕರಾಜ್ ಕುರಿಮಂದೆಯ ಜೊತೆ ಹೊಸದುರ್ಗದ ಕಡೆ, ಗುಡ್ಡದ ಬದಿಯ ಹೊಲಗಳಲ್ಲಿದ್ದಾನೆ. ರಾತ್ರಿ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುವುದು, ಆಮೇಲೆ ಮುಂದಿನ ಹೊಲ. ಅವನಿಗೆ ರಾಗಿ ಹಿಟ್ಟು, ಕುರಿಗೆ ಔಷಧಿ ಒಯ್ಯುವುದು ನನ್ನ ಪಾಲಿನ ಕೆಲಸ. ಅರ್ಧ ದಾರಿ ಡಾಂಬರು, ಇನ್ನರ್ಧ ಕಲ್ಲು, ಮಣ್ಣು.

ಸೊಸೆ ಅಂಜಲಿ ನನ್ನ ಮೊಣಕೈ ತೊಳೆಯುತ್ತ ಅಂದಳು: "ಇನ್ಮೇಲೆ ನಾನೇ ಸ್ಕೂಟರ್‌ನಾಗೆ ಕೊಟ್ಟು ಬರ್ತೀನಿ ಮಾವ. ನೀವು ಮನ್ಯಾಗೆ ಕುಂತ್ಕಳ್ರಿ."

ಪ್ರೀತಿಯಿಂದಲೇ ಅಂದಳು. ಆದರೂ ಮಂದೆಗೆ ಹೋಗದೆ ನಾನು ಮನೆಯಲ್ಲಿ ಯಾರು?

ಜನವರಿ 9

ಹೊಳಲ್ಕೆರೆಗೆ ಹೋಗಿದ್ದೆ. ನಾಗರಾಜನ ಸೈಕಲ್ ಅಂಗಡಿ. ಗಟ್ಟಿ ಮೌಂಟೇನ್ ಬೈಕ್ ತೋರಿಸು ಅಂದೆ. ಎರಡು ಹೊರಗೆ ತಂದ. ಟಗರು ಕೊಳ್ಳುವಾಗ ಬೆನ್ನಿಗೆ ಅಂಗೈ ಊರಿ ಒತ್ತುತ್ತೇವಲ್ಲ, ಹಾಗೇ ಹ್ಯಾಂಡಲ್ ಒತ್ತಿದೆ. ಮೊದಲನೆಯದು ಕುಗ್ಗಿತು.

"ಇದು ಬ್ಯಾಡ. ಬೆನ್ನು ಗಟ್ಟಿ ಇಲ್ಲ."

"ಯಜಮಾನ್ರೇ, ಅದು ಶಾಕ್ ಅಬ್ಸಾರ್ಬರ್. ಕುಗ್ಗಲಿ ಅಂತಾನೇ ಮಾಡಿರೋದು. ಕಲ್ಲು ದಾರಿಗೆ ಅದೇ ಒಳ್ಳೇದು."

"ಕುಗ್ಗೋ ಟಗರನ್ನ ಯಾವನಾದ್ರೂ ಮಂದೆಗೆ ಬಿಡ್ತಾನೇನಪ್ಪ?"

"ನಿಮ್ ಟಗರಿಗೆ ಗೇರ್ ಐತಾ?" ಅಂದ. ಇಬ್ಬರೂ ನಕ್ಕೆವು. ಆದರೂ ಕುಗ್ಗದ ಎರಡನೆಯದನ್ನೇ ತಂದೆ. ಉಕ್ಕಿನ ಫ್ರೇಮು, ದಪ್ಪ ಟೈರು, ಹಿಂದೆ ಕ್ಯಾರಿಯರ್. ಟೈರು ಕಲ್ಲಾಗುವ ಹಾಗೆ ಗಾಳಿ ಹೊಡೆಸಿದೆ.

ಜನವರಿ 13

ಡಾಂಬರಿನ ಮೇಲೆ ರಾಜನ ಹಾಗೆ ಹೋದೆ. ಮಣ್ಣಿಗೆ ಇಳಿದದ್ದೇ ಹಲ್ಲು ಕಟಕಟ. ಲಸಿಕೆ ಸೀಸೆಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಕಂಬಳಿ ಸುತ್ತಿ ಕ್ಯಾರಿಯರಿಗೆ ಬಿಗಿದಿದ್ದೆ. ಮಂದೆಯ ಹತ್ತಿರ ಬಿಚ್ಚಿದರೆ... ಎಲ್ಲ ಚೂರು.

ಕನಕರಾಜ್ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಸೈಕಲ್ಲೇನೋ ಗಟ್ಟಿ ಐತೆ ಅಪ್ಪ," ಅಂದವನು ಆಚೆ ಹೋಗಿ ಅಂಜಲಿಗೆ ಫೋನ್ ಮಾಡಿದ. ಗಾಳಿಗೆ ಕೇಳಿಸಿತು — "ಇನ್ನು ನೀನೇ ಬಾ."

ಜನವರಿ 20

ಒಂದು ವಾರ ಪೆನ್ನು ಮುಟ್ಟಲಿಲ್ಲ. ಅಂಗಳದಲ್ಲಿ ಅಡ್ಡಾಡುವುದು, ಬಾಗಿಲಿಗೆ ಬಂದು ನಿಲ್ಲುವುದು.

ಹೊಸ ಲಸಿಕೆ ತೆಗೆದುಕೊಂಡು ಅಂಜಲಿ ಇವತ್ತು ಹೊರಟಿದ್ದಳು. ಸ್ಕೂಟರ್ ಹಳ್ಳದ ಮರಳಿನಲ್ಲಿ ಹೂತುಕೊಂಡಿತಂತೆ. ಮೈಯೆಲ್ಲ ಮಣ್ಣು ಮಾಡಿಕೊಂಡು ಸೀಸೆಗಳ ಸಮೇತ ವಾಪಸ್ ಬಂದಳು. ನಗು ಬಂತು, ನಗಲಿಲ್ಲ. ನಗುವ ಹೊತ್ತೂ ಅಲ್ಲ. ಪಕ್ಕದ ಮಂದೆಯಲ್ಲಿ ಕುರಿ ಸಾಯುತ್ತಿವೆ ಅಂತ ಕನಕರಾಜನ ಫೋನು.

ಸಿಗ್ಗು ಬಿಟ್ಟು ನಾಗರಾಜನಿಗೆ ಫೋನ್ ಮಾಡಿ ಸೀಸೆ ಒಡೆದದ್ದು ಹೇಳಿದೆ. "ಅಷ್ಟು ಗಾಳಿ ತುಂಬ್ಕಂಡು ಕಲ್ಲ ಮ್ಯಾಲೆ ಹೋದ್ರೆ ಪುಟಿಯಲ್ವಾ? ಮಣ್ಣಿಗೆ ಇಳಿದ ಮ್ಯಾಲೆ ಒಂಚೂರು ಬಿಡ್ರಿ. ಡಾಂಬರು ಸಿಕ್ಕಾಗ ಪಂಪ್ ಹೊಡ್ಕಳ್ರಿ."

ಒಂಚೂರು ಅಂದರೆ ಎಷ್ಟು? ಮಧ್ಯಾಹ್ನವೆಲ್ಲ ಬಿಡುವುದು, ಹೊಡೆಯುವುದು, ಹಳ್ಳದ ತನಕ ಹೋಗಿ ಬರುವುದು. ಕೊನೆಗೆ ಹೆಬ್ಬೆರಳಿಗೆ ಸಿಕ್ಕಿತು: ಮರಿ ಅರ್ಧ ಕುಡಿದು ಬಿಟ್ಟ ಕೆಚ್ಚಲಿನ ಮೆದು.

ಜನವರಿ 21

ಹೋಗಿ ಬಂದೆ. ಹಳ್ಳದ ಮರಳಿನಲ್ಲಿ ಇಳಿದು ತಳ್ಳಿದೆ; ಉಳಿದದ್ದೆಲ್ಲ ತುಳಿದೇ. ಒಂದು ಸೀಸೆಯೂ ಒಡೆದಿಲ್ಲ. ಕನಕರಾಜ್ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದ. ಕುರಿ ನಾನು ಹಿಡಿದೆ, ಸೂಜಿ ಅವನು ಹಾಕಿದ. ಹೊರಡುವಾಗ, "ನಾಡಿದ್ದು ಹಿಟ್ಟು ತಗಂಬಾ ಅಪ್ಪ," ಅಂದ. ನನಗೇ ಅಂದ.

ತೊಡೆ ನೋಯುತ್ತಿದೆ. ಇರಲಿ.

ಜನವರಿ 22, ಬೆಳಗ್ಗೆ

ಅಂಗಳದಲ್ಲಿ ಸದ್ದು. ಅಂಜಲಿ ಸೆರಗು ಸಿಕ್ಕಿಸಿಕೊಂಡು ನನ್ನ ಸೈಕಲ್ ಹತ್ತಿ ಸುತ್ತು ಹೊಡೆಯುತ್ತಿದ್ದಾಳೆ. ಇಳಿದು ಟೈರು ಒತ್ತಿ ನೋಡಿದಳು.

"ಇಷ್ಟು ಮೆತ್ತಗಾದ್ರೆ ಸಾಕಾ ಮಾವ?"

"ಇನ್ನೊಂಚೂರು ಬಿಡು."

"ನಾಳೆ ನಾನು ಹೋಗ್ಲಾ? ನಿಮ್ ಮಗನ ಮುಖ ನೋಡಿ ತಿಂಗಳಾತು."

ಹೋಗಿ ಬಾ ಅಂದೆ. ಒಳಗೆ ಬಂದು ಕೂತೆ, ಎದ್ದೆ, ಮತ್ತೆ ಕೂತೆ. ಆ ದಾರಿ ಬಿಡಲು ನನ್ನಿಂದಾಗದು. ಅವಳನ್ನು ತಡೆಯಲೂ ಆಗದು.

ಕಾಳಕ್ಕ, ಇದು ಮಾತ್ರ ಕಾಗದಕ್ಕೆ ಹೋಗಬೇಕು: ನಿನ್ನ ಅಳಿಯನ ಗೇರ್ ಸೈಕಲ್ಲು ಹಿತ್ತಿಲಲ್ಲಿ ಸುಮ್ಮನೆ ನಿಂತಿದೆ ಅಂತ ಕೇಳಿದ್ದೆ. ಕೊಡುತ್ತಾರಾ? ಹಿಟ್ಟು ಒಂದರಲ್ಲಿ, ಔಷಧಿ ಇನ್ನೊಂದರಲ್ಲಿ, ನಾನು, ಅಂಜಲಿ ಇಬ್ಬರೂ ಹೋಗುತ್ತೇವೆ. ಟೈರು ದಪ್ಪ ಇದೆಯಾ, ಹೆಬ್ಬೆರಳಿನಿಂದ ಒತ್ತಿ ನೋಡಿ ಬೇಗ ಬರೆ. ಮಂದೆ ಗುಡ್ಡ ದಾಟುವುದರೊಳಗೆ ಅದು ಇಲ್ಲಿರಬೇಕು.