ಹಗುರದ ಬ್ಯಾಟರಿ

ಮೇಟಗಳ್ಳಿ, ಮೈಸೂರು
19 ನವೆಂಬರ್ 2024

ನನ್ನ ಶಿಲ್ಪಾ,

ಬೀದರಿನಲ್ಲಿ ಚಳಿ ಹೆಚ್ಚಂತೆ. ನಮ್ಮ ದನಗಳ ಡಾಕ್ಟರಮ್ಮ ಸ್ವೆಟರ್ ಹಾಕಿಕೊಳ್ಳುತ್ತಿದ್ದಾಳೆ ತಾನೆ? ದಿನಾ ಫೋನ್ ಮಾಡುವ ಅಮ್ಮ ಪತ್ರ ಏಕೆ ಬರೆದಳು ಎಂದು ಗಾಬರಿಯಾಗಬೇಡ. ನಿನ್ನ ದನಿ ಕೇಳಿದರೆ ನಾನು ಸಾರು, ಪಲ್ಯ ಎಂದು ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ.

ಹಿನ್ನೀರಿನಲ್ಲಿರುವ ನಮ್ಮ ಪುಟ್ಟ ದೋಣಿಗೆ ಅಪ್ಪ ಮೋಟರ್ ತಂದಿದ್ದಾರೆ. ಹುಟ್ಟು ಹಾಕಲು ಅವರಿಗೀಗ ಉಸಿರು ಸಾಲುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಹೊಗೆ ಆಗಿಬರುವುದಿಲ್ಲ. ಅದಕ್ಕೇ ಬ್ಯಾಟರಿಯಲ್ಲಿ ಓಡುವಂಥದ್ದು. ಹೋದ ವಾರ ಬ್ಯಾಟರಿ ನೋಡಲು ನನ್ನನ್ನೂ ಬನ್ನಿಮಂಟಪಕ್ಕೆ ಕರೆದುಕೊಂಡು ಹೋದರು.

ಕಾರಿನ ಬ್ಯಾಟರಿ ಆಗುವುದಿಲ್ಲವಂತೆ. ಅದು ಗಾಡಿ ಸ್ಟಾರ್ಟ್ ಮಾಡಲು ಒಮ್ಮೆಗೇ ಜೋರಾಗಿ ಕರೆಂಟ್ ಕೊಡುತ್ತದೆ, ಅಷ್ಟೆ. ದೋಣಿಗೆ ಗಂಟೆಗಟ್ಟಲೆ ನಿಧಾನವಾಗಿ ಕೊಡುವಂಥದ್ದು ಬೇಕು. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ಸೀಸದ್ದು, ಕಲ್ಲಿನಷ್ಟು ಭಾರ. ಇನ್ನೊಂದು ಲಿಥಿಯಂ, ಹಗುರ.

“ಲಿಥಿಯಂ ಹತ್ತು ವರ್ಷ ಬರುತ್ತೆ ಸಾರ್. ಸೀಸದ್ದು ಎರಡು, ಮೂರು ವರ್ಷ ಅಷ್ಟೆ.”

“ಎರಡು ವರ್ಷ ಬಂದ್ರೆ ಬೇಕಾದಷ್ಟಾಯ್ತು ಬುಡಪ್ಪ” ಎಂದರು ಅಪ್ಪ.

ನಾನು ತಟ್ಟನೆ ಅವರ ಮುಖ ನೋಡಿದೆ. ಅಪ್ಪನ ಶ್ವಾಸಕೋಶದಲ್ಲಿ ಗಡ್ಡೆ ಇದೆ, ಶಿಲ್ಪಾ. ಬಹಳ ದೂರ ಹಬ್ಬಿದೆ ಎಂದು ಡಾಕ್ಟರ್ ದಸರೆಗೆ ಮೊದಲೇ ನನ್ನನ್ನು ಕರೆದು ಹೇಳಿದ್ದರು. ಅವರಿಗೆ ತಿಳಿಸಬೇಡಿ ಎಂದು ನಾನೇ ಕೈಮುಗಿದಿದ್ದೆ.

ಅಪ್ಪ ಸೀಸದ್ದನ್ನು ತೋರಿಸಿ, “ಎತ್ತು ನೋಡೋಣ ನೀಲಾ” ಎಂದರು. ಎತ್ತಿದೆ. ಮೊಣಕಾಲಿನಿಂದ ಮೇಲೆ ಬರಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿ, “ಹಗುರದ್ದೇ ಕೊಡಪ್ಪ. ಮುಂದೆ ಇವಳೊಬ್ಳೇ ಎತ್ಕೊಂಡು ಹೋಗ್ಬೇಕು” ಎಂದರು.

ಆಟೋದಲ್ಲಿ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ. “ಗೊತ್ತು ಕಣೆ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ? ಶಿಲ್ಪಂಗೆ ಮಾತ್ರ ಹೇಳ್ಬೇಡ. ಈಗಿನ್ನೂ ಕೆಲ್ಸಕ್ಕೆ ಸೇರಿದಾಳೆ” ಎಂದರು ಅಪ್ಪ. ಹೂಂ ಎಂದೆ.

ಮೊನ್ನೆ ಭಾನುವಾರ ದೋಣಿ ಇಳಿಸಿದೆವು. ದೋಣಿ ನೋಡಿಕೊಳ್ಳುವ ಸಿದ್ದಪ್ಪಾಜಿ ಮೋಟರ್ ಸಿಕ್ಕಿಸಿ ದಡದಲ್ಲೇ ನಿಂತ. ಅಪ್ಪ ಮುಂದೆ ಕುಳಿತರು, ಮೋಟರಿನ ಹಿಡಿ ನನ್ನ ಕೈಗೆ. ಬಲಕ್ಕೆ ಹೋಗಬೇಕಾದರೆ ಹಿಡಿಯನ್ನು ಎಡಕ್ಕೆ ತಳ್ಳಬೇಕಂತೆ. ನನಗೆ ತಿಳಿಯದೆ ದೋಣಿ ಬುಗುರಿಯ ಹಾಗೆ ಸುತ್ತಿತು. ಅಪ್ಪ ನಕ್ಕರು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ! ನಗು ಕೆಮ್ಮಾಯಿತು. ಕರ್ಚೀಫಿನಲ್ಲಿ ಬಾಯಿ ಒರೆಸಿ, ಅದನ್ನು ಮಡಿಸಿ ಬೇಗ ಜೇಬಿಗಿಟ್ಟುಕೊಂಡರು. ಕೆಂಪಗಿದ್ದದ್ದನ್ನು ಕಂಡೂ ನಾನು ಕಾಣದವಳಂತೆ ಕುಳಿತೆ. ನಡುನೀರು ಇನ್ನೂ ದೂರವಿತ್ತು. “ಸಾಕು ನೀಲಾ, ತಿರುಗ್ಸು” ಎಂದರು. ಆಗ ಮಾತ್ರ ಸರಿಯಾಗಿ ತಿರುಗಿಸಿದೆ.

ಅವರಿಗೆ ಕೊಟ್ಟ ಮಾತು ಮುರಿದಿದ್ದೇನೆ. ಒಬ್ಬಳೇ ಹೊರಲು ನನ್ನಿಂದ ಆಗಲಿಲ್ಲ ಮಗಳೇ.

ನಿನ್ನ ಅಮ್ಮ,
ನೀಲಮ್ಮ

ತಾ.ಕ.: ಪತ್ರ ಮಡಿಸುತ್ತಿದ್ದಾಗ ಅಪ್ಪ ಎದ್ದು ಬಂದರು. ಯಾರಿಗೆ ಎಂದು ಕೇಳಲಿಲ್ಲ. ಬಾಗಿಲಿಗೆ ಒರಗಿ ನಿಂತು, ಉಸಿರು ಹಿಡಿತಕ್ಕೆ ಬಂದ ಮೇಲೆ, “ಅವಳಿಗೆ ಬರೋಕೆ ಹೇಳು. ರಜ ಕೊಡ್ದಿದ್ರೂ ಬರ್ಲಿ” ಎಂದರು.