ಏಳು ಗುಂಡಿನ ಹೇಳಿಕೆ ಮತ್ತು ನಲ್ಲಿಯ ಸರದಿ ಪಟ್ಟಿ

ಚಿಕ್ಕಗಾಣಹಾಳ, 2171ನೇ ಇಸವಿ, ಫೆಬ್ರವರಿ ಮೂವತ್ತು.

ನೂರೈವತ್ತು ವರ್ಷದ ಹಿಂದಿನ ಹಿರಿಯರೇ, ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ನಾವು ಎರಡು ದಿನ ಸೇರಿಸಿ ಬಹಳ ಕಾಲವಾಯಿತು. ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವನು ನಾನು, ಯಮನಪ್ಪ ಮಾಮಾ. ಆದರೂ ಸುತ್ತಲಿನ ಹತ್ತು ಊರಲ್ಲಿ ನನ್ನಂಥ ಅಳೆಪಾಠದ ಮೇಷ್ಟ್ರು ಇನ್ನೊಬ್ಬನಿಲ್ಲ. ಅಳೆಪಾಠವೆಂದರೆ, ಯುದ್ಧದ ದಾಳಿಯಲ್ಲಿ ಏನು ಬಿತ್ತು, ಏನು ಉಳಿಯಿತು ಎಂಬುದನ್ನು ಆಗಿನ ಕಾಗದ, ಚಿತ್ರ, ಕಂಡವರ ಹೇಳಿಕೆಗಳಿಂದಲೇ ಅಳೆಯುವ ವಿದ್ಯೆ.

ಈ ವರ್ಷದ ಪಾಠ ನಮ್ಮದೇ ಗಾಣದ ಓಣಿ. ನಲವತ್ತು ವರ್ಷದ ಹಿಂದೆ ಅಲ್ಲಿ ಹಾರುಗುಂಡು, ಅಂದರೆ ಆಳಿಲ್ಲದೆ ತಾನೇ ಹಾರಿಬರುವ ಬಾಂಬು, ಬಿತ್ತು. ತಿಪ್ಪವ್ವಕ್ಕನ ಮನೆ ಕುಸಿದು ಅವಳ ಮಗಳು ಸತ್ತಳು. ಆದರೆ ನೆನಪಿನ ಕಲ್ಲು ಕೆತ್ತಿಸುವ ಸಮಿತಿಯವರು, ಈ ಓಣಿಯ ಹೇಳಿಕೆಗಳು ನಂಬುವಂತಿಲ್ಲ ಎಂದು ಆ ಮಗಳ ಹೆಸರನ್ನೇ ಬಿಟ್ಟಿದ್ದಾರೆ. ಸೋಮವಾರ ಕೆತ್ತನೆ ಮುಗಿಯುತ್ತದೆ. ತಿಪ್ಪವ್ವಕ್ಕನಿಗೆ ಈಗ ಎಂಬತ್ತೆರಡು.

ಮಕ್ಕಳಿಗೆ ಒಂದೇ ಮಾತು ಅರೆದು ಕುಡಿಸಿದ್ದೆ: ಬಿದ್ದದ್ದು ತಿಳಿಯಬೇಕಾದರೆ ಮೊದಲು ಅಲ್ಲಿ ನಿಂತಿದ್ದದ್ದನ್ನು ನೋಡಿ. ನೋಡುವುದೇನು ಮಣ್ಣು! ನೀವು ಬಿಟ್ಟುಹೋದ ಸಾವಿರ ಚಿತ್ರಗಳಲ್ಲಿ ಓಣಿಯೇ ಇಲ್ಲ, ಬರೀ ನಿಮ್ಮ ಹಲ್ಲು. ಬೇಸತ್ತ ಮಕ್ಕಳು ಎಲ್ಲಕ್ಕಿಂತ ಉದ್ದನೆಯ ಹೇಳಿಕೆಯನ್ನು ನಕಲು ಮಾಡಿದರು: "ಏಳು ಗುಂಡು ಬಿದ್ದು ನನ್ನ ಮನೆ ಪುಡಿಪುಡಿಯಾಯಿತು." ಅದು ನನ್ನದು. ಆಗ ಇಪ್ಪತ್ತರ ಹುರುಪು. ಕೇಳುವವರು ಬಾಯಿ ತೆರೆದಷ್ಟೂ ಗುಂಡುಗಳು ಹೆಚ್ಚಿದವು.

ನೀಲವ್ವ ಎಂಬ ಹುಡುಗಿಯೊಬ್ಬಳು ಮಾತ್ರ ಓಣಿಯ ನಲ್ಲಿಯ ಆಗಿನ ಸರದಿ ಪಟ್ಟಿ ಹಿಡಿದು ಎದ್ದು ನಿಂತಳು. ಯಾವ ಮನೆಯವರು ಎಷ್ಟು ಕೊಡ ಒಯ್ದರೆಂದು ಅದರಲ್ಲಿ ದಿನವೂ ಗೀಟು ಎಳೆಯುತ್ತಿದ್ದರು.

"ಮಾಮಾ, ದಾಳಿ ಆದ ಮರುದಿನ ತಿಪ್ಪವ್ವಜ್ಜಿ ಹೆಸರಿನ ಮುಂದ ಗೀಟಿಲ್ರಿ. ನಿಮ್ಮ ಹೆಸರಿನ ಮುಂದ ನಾಕು ಅದಾವ. ಪುಡಿ ಆದ ಮನ್ಯಾಗ ನಾಕು ಕೊಡ ಎಲ್ಲಿ ಇಟ್ರಿ?"

ತರಗತಿಯೆಲ್ಲ ನಕ್ಕಿತು. ಸಿಟ್ಟು ಯಾರ ಮೇಲೆ ತೀರಿಸಲಿ? ಇಡೀ ಓಣಿಯ ಮಾತನ್ನು ಕೆಡಿಸಿದ್ದು ನಾನು ಸೇರಿಸಿದ ಆ ಆರು ಗುಂಡು.

ಕೈಮುಗಿದು ಕೇಳುತ್ತೇನೆ. ಚಿತ್ರ ತೆಗೆಯುವಾಗ ಮುಖ ತುಸು ಪಕ್ಕಕ್ಕೆ ಸರಿಸಿ, ಹಿಂದಿನ ಗೋಡೆ ಕಾಣಲಿ. ನಲ್ಲಿಯ ಪಟ್ಟಿಯನ್ನು ರದ್ದಿಗೆ ಹಾಕಬೇಡಿ. ನನ್ನಂಥವನು ಬಾಯಿ ತೆರೆದರೆ, ಗುಂಡು ಎಷ್ಟೆಂದು ಪಕ್ಕದ ಮನೆಯವರನ್ನೂ ಕೇಳಿ.

ಪಟ್ಟಿಯ ಜೊತೆಗೆ ಸಮಿತಿಗೆ ಹೊಸ ಹೇಳಿಕೆ ಕೊಡುತ್ತಿದ್ದೇನೆ. ನೀಲವ್ವ ಸಾಕ್ಷಿಯಾಗಿ ಸಹಿ ಹಾಕಿದ್ದಾಳೆ. ಇಷ್ಟು ಚಿಕ್ಕದನ್ನು ನಾನು ಜನ್ಮದಲ್ಲಿ ಬರೆದವನಲ್ಲ: ಬಿದ್ದದ್ದು ಒಂದು ಗುಂಡು. ನನ್ನ ಮನೆಯ ಹೆಂಚೂ ಅಲುಗಲಿಲ್ಲ. ತಿಪ್ಪವ್ವನ ಮನೆ ಬಿತ್ತು. ಒಳಗೆ ಮಗಳು ಶಾಂತವ್ವ ಇದ್ದಳು.