ಹೆಲೆನ್ ಅವರ ಮುತ್ತಜ್ಜಿಯ ಹೆಸರು

ಪಾಪಕುರಾ
೧೬ ಸೆಪ್ಟೆಂಬರ್ ೨೦೨೫

ಪ್ರೀತಿಯ ಉಷಕ್ಕನಿಗೆ ನಮಸ್ಕಾರಗಳು.

ನಾಲ್ಕು ತಿಂಗಳಿಂದ ಕಾಗದ ಬರೆಯದ ನನ್ನನ್ನು ಎಷ್ಟು ಬೈದುಕೊಂಡಿದ್ದೀಯೋ, ನನಗೆ ಗೊತ್ತು. ತಪ್ಪು ನನ್ನದೇ. ಬೈದದ್ದು ಆಯಿತಲ್ಲ, ಈಗ ಕೂತು ಓದು. ನಿನ್ನ ತಂಗಿ ಇಲ್ಲೊಂದು ದೊಡ್ಡ ಕೆಲಸ ಮಾಡಿದ್ದಾಳೆ. ಜಂಬ ಎಂದರೂ ಸರಿಯೇ.

ಪಕ್ಕದ ಮನೆಯ ಹೆಲೆನ್‌ಗೆ ಎಂಬತ್ತೊಂದು ವರ್ಷ. ಅವರ ಮುತ್ತಜ್ಜಿ ಜೇನ್, ಗಂಡ ಮತ್ತು ಅತ್ತೆಯ ಜೊತೆ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಈ ದೇಶಕ್ಕೆ ಬಂದವಳು. ನೂರ ಅರವತ್ತು ವರ್ಷದ ಹಿಂದಿನ ಮಾತು. ಆಗ ಬಂದಿಳಿದವರ ಕಣ್ಣಿಗೆ ಇದೆಲ್ಲ ಬರೀ ಕಾಡು. ಮರ ಬಿದ್ದು ಗಂಡ ಸತ್ತಾಗ ನಾಲ್ಕು ಮಕ್ಕಳು, ಹೊಟ್ಟೆಯಲ್ಲಿ ಐದನೆಯದು. ಆಕೆ ಜಗ್ಗಲಿಲ್ಲ. ಕುದುರೆ ಹತ್ತಿ ಹೊಳೆ ದಾಟಿ ಊರೂರಿಗೆ ಹೋಗಿ ಹೆರಿಗೆ ಮಾಡಿಸಿದಳಂತೆ. ಇಂಥವಳ ಗೋರಿಯ ಮೇಲೆ ‘ರಾಬರ್ಟನ ಹೆಂಡತಿ ಜೇನ್’ ಎಂದಷ್ಟೇ ಇತ್ತು. ಆಕೆ ಯಾರ ಮಗಳೆಂದು ಹೊಸ ಕಲ್ಲಿನಲ್ಲಿ ಕೆತ್ತಿಸದೆ ತಾನು ಸಾಯಬಾರದು ಎಂದು ಹೆಲೆನ್ ಹನ್ನೊಂದು ವರ್ಷ ಹುಡುಕಿದ್ದರು. ಆ ರಾಬರ್ಟ್ ಜೇನ್ ಎಂಬುವಳನ್ನು ಮದುವೆಯಾದ ದಾಖಲೆಯೇ ಇಲ್ಲ.

ಒಂದು ದಿನ ಟೀ ಕುಡಿಯುತ್ತ ಕೇಳಿದೆ, “ರಾಬರ್ಟನ ತಾಯಿಯ ಹೆಸರೇನು?”

“ಮಾರ್ಗರೆಟ್. ಯಾಕೆ?”

ನಮ್ಮಲ್ಲಿ ಅತ್ತೆ ಸೊಸೆಗೆ ಒಂದೇ ಹೆಸರಿದ್ದರೆ ಸೊಸೆಯ ಹೆಸರು ಬದಲಾಯಿಸುತ್ತಾರೆ, ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆ ಎಂದೆ. ಹೆಲೆನ್ ಬಿದ್ದು ಬಿದ್ದು ನಕ್ಕರು. ನಮ್ಮ ಮನೆಯವರಂತೂ, “ಅವ್ರೇನು ಮೈಸೂರಿನೋರೇನೇ? ಅಲ್ಲೂ ನಮ್ ಶಾಸ್ತ್ರ ಹುಡುಕ್ತೀಯಲ್ಲ!” ಎಂದರು.

ನಾನು ಬಿಡುತ್ತೇನೆಯೇ? ಜೇನ್ ಬಿಟ್ಟು ಮಾರ್ಗರೆಟ್ ಎಂದು ಹುಡುಕಿದೆ. ಮೂರನೇ ದಿನ ರಾಬರ್ಟನ ಮದುವೆಯ ದಾಖಲೆಯಲ್ಲೇ ಸಿಕ್ಕಳು: ನೇಕಾರ ಡಂಕನ್‌ನ ಮಗಳು ಮಾರ್ಗರೆಟ್ ಮೆಕ್‌ಫೀ. ಕೊನೆಯ ಮಗುವಿನ ಜನನದ ದಾಖಲೆಗೆ ಬಾಣಂತಿ ತಾನೇ ಮಾರ್ಗರೆಟ್ ಎಂದು ಸಹಿ ಹಾಕಿದ್ದಾಳೆ. ಹೆಲೆನ್ ಇಷ್ಟು ವರ್ಷ ಅದನ್ನು ಅತ್ತೆಯ ಸಹಿ ಎಂದುಕೊಂಡಿದ್ದರು!

ಮೊನ್ನೆ ಶನಿವಾರ ಹೊಸ ಕಲ್ಲು ನಿಲ್ಲಿಸಿದರು. ನಲವತ್ತು ಜನರೆದುರು ಹೆಲೆನ್ ನನ್ನ ಕೈ ಹಿಡಿದು, “ಇವಳನ್ನು ನಮಗೆ ಹುಡುಕಿಕೊಟ್ಟವರು ಇವರು” ಎಂದರು. ನನ್ನ ಮೊಮ್ಮಗಳು ಅನನ್ಯಾ, “ಅಜ್ಜಿ, ಯು ಆರ್ ಎ ಲೆಜೆಂಡ್!” ಎಂದು ಕೂಗಿಬಿಟ್ಟಳು. ಹೆಮ್ಮೆಯಿಂದ ನನಗೆ ಕಣ್ಣು ತುಂಬಿತು. ನಮ್ಮ ಮನೆಯವರು ಈಗ ಕನ್ನಡ ಕೂಟದಲ್ಲೆಲ್ಲ ಐಡಿಯಾ ತಮ್ಮದೇ ಎನ್ನುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ.

ಭಾವನವರಿಗೆ ನಮಸ್ಕಾರ ತಿಳಿಸು. ಶ್ರೀಕರನಿಗೂ ಅವನ ಕೂಸಿಗೂ ನನ್ನ ಆಶೀರ್ವಾದ. ಎಲ್ಲರೂ ಚೆನ್ನಾಗಿರಿ.

ನಿನ್ನ ತಂಗಿ,
ಭಾನುಮತಿ

ತಾ.ಕ.: ಅಮ್ಮ ಆಸ್ಪತ್ರೆಯಿಂದ ಕೊನೆಯ ಸಲ ಫೋನ್ ಮಾಡಿಸಿದಾಗ ಯಾಕೆ ಮಾತಾಡಲಿಲ್ಲ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ಲೈನ್ ಸಿಗಲಿಲ್ಲ ಎಂದಿದ್ದೆ. ಅದು ಸುಳ್ಳು ಅಕ್ಕ. ನರ್ಸ್, “ವಸಂತಾ ಅವ್ರು ಇದಾರಾ?” ಎಂದು ಸ್ಪಷ್ಟವಾಗಿಯೇ ಕೇಳಿದಳು. ನಮ್ಮತ್ತೆಯ ಹೆಸರೂ ವಸಂತಾ ಎಂದು ಮದುವೆಯ ದಿನ ಅಕ್ಕಿಯ ಮೇಲೆ ನನ್ನ ಹೆಸರನ್ನು ಭಾನುಮತಿ ಎಂದು ಬದಲಾಯಿಸಿ ಬರೆಸಿ ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ಅಮ್ಮ ಇನ್ನೂ ನನ್ನನ್ನು ಹಾಗೇ ಕರೆಯುತ್ತಾಳೆಂದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಅತ್ತೆಯನ್ನು ಕೇಳುತ್ತಿದ್ದಾಳೆ ಎಂದುಕೊಂಡು, “ವಸಂತಾ ತೀರ್ಕೊಂಡು ಎರಡು ವರ್ಷ ಆಯ್ತಲ್ಲಮ್ಮ” ಎಂದು ಫೋನ್ ಇಟ್ಟುಬಿಟ್ಟೆ. ನೀನು ಮನೆಯಿಂದ ಆಸ್ಪತ್ರೆಗೆ ವಾಪಸು ಬಂದ ಮೇಲೆ ಅಮ್ಮ ನನ್ನನ್ನು ಮತ್ತೆ ಕೇಳಿದಳಾ? ಇದೊಂದಕ್ಕೆ ಉತ್ತರ ಬರಿ.